‘ಕಾನೂನು ಇದೆಯಂತೆ’ ಎಂಬಲ್ಲಿಂದ ‘ಇದೆ, ಇಗೋ ನೋಡಿ’ ಎಂಬಲ್ಲಿಗೆ: ವಕೀಲರಲ್ಲದವರು ಕಾನೂನು ಹುಡುಕುವ ಬಗೆ

ಸಾರ್ವಜನಿಕ ಗ್ರಂಥಾಲಯವೊಂದರ ಕೌಂಟರಿನಲ್ಲಿ ನಾನು ಬಹಳ ವರ್ಷ ಕೂತಿದ್ದೇನೆ. ಕಾನೂನು ಪುಸ್ತಕ ಕೇಳಿಕೊಂಡು ಬರುವವರಲ್ಲಿ ಅರ್ಧ ಜನ ಪರೀಕ್ಷೆಗೆ ಓದುವ ಹುಡುಗರು. ಇನ್ನರ್ಧ ಜನರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್ ಇರುತ್ತದೆ. ಅದರೊಳಗೆ ಮಡಚಿ ಮಡಚಿ ಸವೆದ ಪಹಣಿ, ಯಾವುದೋ ನೋಟಿಸು, ಹಳೇ ಆದೇಶದ ಜೆರಾಕ್ಸು. ‘ಸಾರ್, ಇದಕ್ಕೆ ಒಂದು ಕಾನೂನು ಇದೆಯಂತಲ್ಲ, ಅದರ ಪುಸ್ತಕ ಸಿಗುತ್ತಾ?’

ಆ ‘ಅಂತೆ’ಯನ್ನು ಗಮನಿಸಿ. ಕಣ್ಣಾರೆ ಕಂಡಿಲ್ಲ, ಯಾರೋ ಹೇಳಿದ್ದು ಅನ್ನುವುದನ್ನು ನಮ್ಮ ಭಾಷೆ ಎರಡಕ್ಷರದಲ್ಲಿ ಹೇಳಿಬಿಡುತ್ತದೆ. ಕಾನೂನಿನ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಮುಕ್ಕಾಲು ಪಾಲು ಇಂಥ ಅಂತೆಕಂತೆಯೇ. ಪಕ್ಕದ ಮನೆಯವರು ಹೇಳಿದ್ದು, ವಾಟ್ಸಾಪಿನಲ್ಲಿ ಬಂದದ್ದು, ತಾಲ್ಲೂಕು ಕಚೇರಿ ಮುಂದೆ ಅರ್ಜಿ ಬರೆಯುವವರು ಹೇಳಿದ್ದು. ಅದನ್ನೆಲ್ಲ ದಾಟಿ ಕಾನೂನಿನ ಮಾತನ್ನು ಕಾನೂನಿನ ಬಾಯಲ್ಲೇ ಕೇಳುವುದು ಹೇಗೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ವಕೀಲರ ಕೆಲಸವನ್ನು ಇದು ಮಾಡಿಕೊಡುವುದಿಲ್ಲ. ಆದರೆ ವಕೀಲರ ಮುಂದೆ ಕೂತಾಗ ಅವರು ಹೇಳುವುದು ನಿಮಗೆ ಅರ್ಥವಾಗುತ್ತದೆ.

ಉದಾಹರಣೆಗೆ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗೋಣ. ಹಳ್ಳಿಯಿಂದ ಬಂದವರು, ಐವತ್ತರ ಹತ್ತಿರದ ವಯಸ್ಸು. ಅವರ ತಾತನಿಗೆ ಸರ್ಕಾರ ದರಖಾಸ್ತಿನಲ್ಲಿ ಜಮೀನು ಕೊಟ್ಟಿತ್ತು. ಆ ಮಂಜೂರಾತಿಯ ಕಾಗದ, ಅಂದರೆ ಸಾಗುವಳಿ ಚೀಟಿ, ಇನ್ನೂ ಮನೆಯಲ್ಲಿದೆ. ಆ ಜಮೀನು ಎಂದೋ ಕೈಬಿಟ್ಟುಹೋಯಿತು. ‘ಪಿಟಿಸಿಎಲ್ ಅಂತ ಒಂದಿದೆಯಂತೆ, ವಾಪಸ್ ಬರುತ್ತಂತೆ’ ಎನ್ನುತ್ತಾರೆ. ಒಂದೇ ಉಸಿರಿಗೆ ಎರಡು ‘ಅಂತೆ’. ಪಿಟಿಸಿಎಲ್ ಅಂದರೆ ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟ ಜಮೀನು ಬೇರೆಯವರ ಕೈಗೆ ಹೋಗದಂತೆ ತಡೆಯುವ ರಾಜ್ಯದ ಕಾಯ್ದೆ.

ಹೆಜ್ಜೆ 1: ಪುಸ್ತಕ ಹುಡುಕುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ

ಹಾಳೆಯ ಮೇಲೆ ನಿಮ್ಮ ಕಷ್ಟ ಬರೆಯಬೇಡಿ. ತಾರೀಖು ಬರೆಯಿರಿ. ಮಂಜೂರಾದದ್ದು ಯಾವ ವರ್ಷ, ಮಾರಿದ್ದು ಯಾವ ವರ್ಷ, ಹಿಂದೆ ಯಾರಾದರೂ ಅರ್ಜಿ ಹಾಕಿದ್ದರೆ ಯಾವಾಗ, ಆದೇಶ ಬಂದದ್ದು ಯಾವಾಗ. ಕಾನೂನಿನಲ್ಲಿ ‘ಏನಾಯಿತು’ ಅನ್ನುವಷ್ಟೇ ‘ಯಾವಾಗ ಆಯಿತು’ ಅನ್ನುವುದೂ ಮುಖ್ಯ. ಅದನ್ನು ಐದನೇ ಹೆಜ್ಜೆಯಲ್ಲಿ ನೋಡುತ್ತೀರಿ.

ಆಮೇಲೆ ಒಂದು ಪ್ರಶ್ನೆ: ಇದು ಕೇಂದ್ರದ ಕಾನೂನೋ ರಾಜ್ಯದ್ದೋ? ಜಮೀನು, ಪಂಚಾಯಿತಿ, ಕಂದಾಯ ಇವು ಬಹುಮಟ್ಟಿಗೆ ರಾಜ್ಯದವು. ಅಪರಾಧ, ಮದುವೆ, ಗ್ರಾಹಕರ ದೂರು, ಮಾಹಿತಿ ಹಕ್ಕು ಇವಕ್ಕೆ ಕೇಂದ್ರದ ಕಾಯ್ದೆ ನೋಡಬೇಕು. ಕಾರ್ಮಿಕರ ವಿಷಯದಲ್ಲಿ ಎರಡೂ ಇವೆ. ಇಷ್ಟು ಗೊತ್ತಾದರೆ ಹುಡುಕುವ ಜಾಗ ಅರ್ಧ ಕಡಿಮೆಯಾಯಿತು.

ಹೆಜ್ಜೆ 2: ಯಾವ ಬಗೆಯ ಕಾಗದ ಬೇಕು ಅಂತ ತಿಳಿದುಕೊಳ್ಳಿ

ಜನ ಎಲ್ಲಕ್ಕೂ ‘ಕಾನೂನು’ ಅಂತಲೇ ಅನ್ನುತ್ತಾರೆ. ಆದರೆ ಕಪಾಟಿನಲ್ಲಿ ಅವು ಬೇರೆ ಬೇರೆ. ಎಲ್ಲಕ್ಕೂ ಮೇಲೆ ಸಂವಿಧಾನ, ಅದರೊಳಗಿನವು ಅನುಚ್ಛೇದಗಳು. ಅದರ ಕೆಳಗೆ ವಿಧಾನಮಂಡಲವೋ ಸಂಸತ್ತೋ ಮಾಡಿದ ಕಾಯ್ದೆ. ಸರ್ಕಾರಿ ಕನ್ನಡದಲ್ಲಿ ಅದು ‘ಅಧಿನಿಯಮ’. ಅದರೊಳಗಿನ ಸೆಕ್ಷನ್ನಿಗೆ ‘ಪ್ರಕರಣ’ ಎನ್ನುತ್ತಾರೆ, ಹಳಬರು ‘ಕಲಂ’ ಎನ್ನುತ್ತಾರೆ. ಕಾಯ್ದೆಯ ಕೆಳಗೆ ಸರ್ಕಾರ ಮಾಡುವ ನಿಯಮಗಳು. ಅರ್ಜಿಯ ನಮೂನೆ, ಶುಲ್ಕ ಇವೆಲ್ಲ ಸಾಮಾನ್ಯವಾಗಿ ನಿಯಮದಲ್ಲಿರುತ್ತವೆ, ಕಾಯ್ದೆಯಲ್ಲಿ ಸಿಗುವುದಿಲ್ಲ. ಆಮೇಲೆ ಅಧಿಸೂಚನೆ, ಸುತ್ತೋಲೆ. ಸುತ್ತೋಲೆ ಅಂದರೆ ಇಲಾಖೆ ತನ್ನ ಅಧಿಕಾರಿಗಳಿಗೆ ಬರೆದ ಪತ್ರ. ಅದು ಕಾಯ್ದೆಯನ್ನು ಮೀರುವ ಹಾಗಿಲ್ಲ. ಕೊನೆಗೆ ಕೋರ್ಟಿನ ತೀರ್ಪು.

ಇನ್ನೊಂದು ಪದ ಕಲಿತುಬಿಡಿ: ‘ಪರಂತು’. ಕನ್ನಡ ಕಾಯ್ದೆ ಓದುವಾಗ ಒಂದು ಪ್ಯಾರಾ ಮುಗಿದು, ಕೆಳಗಿನ ಪ್ಯಾರಾ ‘ಪರಂತು’ ಅಂತ ಶುರುವಾದರೆ ಅಲ್ಲಿ ನಿಂತು ಓದಿ. ಮೇಲೆ ಕೊಟ್ಟದ್ದರಲ್ಲಿ ಸ್ವಲ್ಪ ಕೆಳಗೆ ಕಿತ್ತುಕೊಳ್ಳುವ ಜಾಗ ಅದು. ನನ್ನ ಅನುಭವದಲ್ಲಿ ಜನ ಮೇಲಿನ ಪ್ಯಾರಾ ಓದಿ ಖುಷಿಯಾಗಿ ಎದ್ದು ಹೋಗುತ್ತಾರೆ.

ಕನ್ನಡದ ಬಗ್ಗೆ ಎರಡು ಎಚ್ಚರಿಕೆ. ಪತ್ರಿಕೆಯಲ್ಲಿ ‘ಪರಿಶಿಷ್ಟ ಜಾತಿ’ ಅಂತ ಬರೆಯುತ್ತಾರೆ, ಕಾಯ್ದೆಯ ಸರ್ಕಾರಿ ಅನುವಾದದಲ್ಲಿ ‘ಅನುಸೂಚಿತ ಜಾತಿ’ ಅಂತ ಇರಬಹುದು. ಎರಡೂ ಪದ ಹಾಕಿ ಹುಡುಕಿ. ಇನ್ನು ಕನ್ನಡ ಪಠ್ಯಕ್ಕೂ ಇಂಗ್ಲಿಷ್ ಪಠ್ಯಕ್ಕೂ ತಾಳೆ ಬೀಳದಿದ್ದರೆ, ಸಂವಿಧಾನದ 348ನೇ ಅನುಚ್ಛೇದದ ಪ್ರಕಾರ ಇಂಗ್ಲಿಷಿನದ್ದೇ ಅಧಿಕೃತ. ನನಗೆ ಇದು ಇಷ್ಟವಿಲ್ಲ. ಆದರೂ ಇರುವುದು ಹಾಗೆ. ಆದ್ದರಿಂದ ಕನ್ನಡದಲ್ಲಿ ಓದಿ ಅರ್ಥ ಮಾಡಿಕೊಳ್ಳಿ, ಮುಖ್ಯವಾದ ಆ ಒಂದು ಸೆಕ್ಷನ್ನನ್ನು ಮಾತ್ರ ಇಂಗ್ಲಿಷಿನಲ್ಲೂ ಜೆರಾಕ್ಸ್ ಮಾಡಿಟ್ಟುಕೊಳ್ಳಿ.

ಹೆಜ್ಜೆ 3: ಗ್ರಂಥಾಲಯಕ್ಕೆ ಹೋಗಿ, ಸರಿಯಾದ ಕಪಾಟಿನ ಮುಂದೆ ನಿಲ್ಲಿ

ಮನೆ ಕಂದಾಯದ ರಸೀದಿ ತೆಗೆದು ನೋಡಿ. ‘ಗ್ರಂಥಾಲಯ ಕರ’ ಅಂತ ಒಂದು ಸಾಲು ಕಾಣುತ್ತದೆ. 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯ ಕೆಳಗೆ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ವಸೂಲಾಗುವ ದುಡ್ಡು ಅದು. ಅಂದರೆ ನೀವು ಆಗಲೇ ಚಂದಾ ಕಟ್ಟಿದ್ದೀರಿ. ಸಂಕೋಚ ಬೇಡ.

ಹಳ್ಳಿಯವರಾದರೆ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಿಂದ, ಅಂದರೆ ಪಂಚಾಯಿತಿ ಗ್ರಂಥಾಲಯದಿಂದ ಶುರು ಮಾಡಿ. ಅಲ್ಲಿ ದಪ್ಪ ಕಾನೂನು ಪುಸ್ತಕ ಸಿಗುವುದು ಕಡಿಮೆ. ಆದರೆ ಎಷ್ಟೋ ಕಡೆ ಕಂಪ್ಯೂಟರ್ ಮತ್ತು ಇಂಟರ್ನೆಟ್ ಇದೆ, ಮುಂದಿನ ಹೆಜ್ಜೆಗಳಿಗೆ ಅಷ್ಟು ಸಾಕು. ಆಮೇಲೆ ಜಿಲ್ಲಾ ಕೇಂದ್ರ ಗ್ರಂಥಾಲಯ. ಬೆಂಗಳೂರಿನಲ್ಲಿದ್ದರೆ ಕಬ್ಬನ್ ಪಾರ್ಕಿನ ಆ ಕೆಂಪು ಕಟ್ಟಡ, ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯ. ಕಾನೂನು ಕಾಲೇಜುಗಳಲ್ಲಿ, ವಿಶ್ವವಿದ್ಯಾಲಯಗಳಲ್ಲಿ, ವಕೀಲರ ಸಂಘಗಳಲ್ಲಿ ಇನ್ನೂ ಒಳ್ಳೆಯ ಸಂಗ್ರಹ ಇರುತ್ತದೆ. ಆದರೆ ಅವು ಎಲ್ಲರಿಗೂ ತೆರೆದಿರುವುದಿಲ್ಲ. ಮೊದಲೇ ಫೋನು ಮಾಡಿ, ಒಂದು ದಿನದ ಮಟ್ಟಿಗೆ ಕೂತು ಓದಲು ಬಿಡುತ್ತೀರಾ ಅಂತ ಕೇಳಿ. ‘ಸದಸ್ಯತ್ವ ಬೇಕು’ ಅಂದರೆ ಅಲ್ಲಿಗೆ ನಿಲ್ಲಿಸಬೇಡಿ. ‘ಒಂದು ಸೆಕ್ಷನ್ ನೋಡಬೇಕಿತ್ತು ಅಷ್ಟೆ’ ಅನ್ನಿ. ಗ್ರಂಥಪಾಲಕರು ಸಾಮಾನ್ಯವಾಗಿ ಮೆತ್ತನೆಯವರು.

ಈಗ ಕಪಾಟು. ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಜೋಡಿಸಿದ ಗ್ರಂಥಾಲಯವಾದರೆ ಪುಸ್ತಕದ ಬೆನ್ನಿನ ಮೇಲೆ ಸಂಖ್ಯೆ ಇರುತ್ತದೆ. ಕಾನೂನು 340ರಿಂದ ಶುರು. ಸಂವಿಧಾನ 342, ಕಾರ್ಮಿಕ ಮತ್ತು ಸಮಾಜ ಕಲ್ಯಾಣದ ಕಾನೂನು 344, ಅಪರಾಧ 345, ಆಸ್ತಿ–ಮದುವೆ–ಒಪ್ಪಂದ ಇವೆಲ್ಲ 346, ಕೋರ್ಟಿನ ಕಾರ್ಯವಿಧಾನ 347. ಸಂಖ್ಯೆಯ ಕೊನೆಗೆ .54 ಇದ್ದರೆ ಭಾರತದ್ದು ಅಂತ ಅರ್ಥ. 342.54 ಅಂದರೆ ಭಾರತದ ಸಂವಿಧಾನ.

ಎಡವುವುದು ಮಾನವ ಹಕ್ಕಿನ ಪುಸ್ತಕ ಹುಡುಕುವವರು. 340ರ ಸಾಲಿನಲ್ಲೇ ನೋಡಿ ‘ಇಲ್ಲ’ ಅಂತ ವಾಪಸ್ ಹೋಗುತ್ತಾರೆ. ಪುಸ್ತಕ ಮಾತ್ರ 323ರಲ್ಲಿ ರಾಜ್ಯಶಾಸ್ತ್ರದ ಮಗ್ಗುಲಲ್ಲಿ ಕೂತಿರುತ್ತದೆ. ಅಂತರರಾಷ್ಟ್ರೀಯ ಒಪ್ಪಂದದ ಬಗ್ಗೆ ಇದ್ದರೆ 341.48ರಲ್ಲಿ, ಜಾತಿ, ಮಹಿಳೆ, ಆದಿವಾಸಿ ಅಂತ ಇದ್ದರೆ 305ರಲ್ಲಿ. ಒಂದೇ ವಿಷಯ, ಮೂರು ಕಪಾಟು. ಇದು ಪುಸ್ತಕ ಜೋಡಿಸುವವರ ತಪ್ಪಲ್ಲ. ಹಕ್ಕು ಅನ್ನುವುದು ಕಾನೂನೂ ಹೌದು, ರಾಜಕೀಯವೂ ಹೌದು, ಸಮಾಜವೂ ಹೌದು. ಒಂದೇ ಜಾಗದಲ್ಲಿ ಇಡುವುದು ಹೇಗೆ?

ಇನ್ನು ಹಳೆಯ ಪುಸ್ತಕ ಹುಡುಕುವವರಿಗೆ. ರಾಜ್ಯಕ್ಕೆ ಕರ್ನಾಟಕ ಅನ್ನುವ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಅದಕ್ಕೂ ಮೊದಲಿನ ಮುದ್ರಣಗಳಲ್ಲಿ ಇಂದಿನ ಕರ್ನಾಟಕ ಭೂಸುಧಾರಣಾ ಕಾಯ್ದೆ ‘ಮೈಸೂರು’ ಹೆಸರಿನಲ್ಲೇ ಇದೆ. ಇನ್ನೂ ಹಿಂದಕ್ಕೆ ಹೋದರೆ ಧಾರವಾಡದ ಜಮೀನಿಗೆ ಮುಂಬಯಿ ಕಾಯ್ದೆ, ಮಂಗಳೂರಿನದಕ್ಕೆ ಮದರಾಸು ಕಾಯ್ದೆ, ಕಲಬುರಗಿಯದಕ್ಕೆ ಹೈದರಾಬಾದು ಕಾಯ್ದೆ, ಮಡಿಕೇರಿಯದಕ್ಕೆ ಕೊಡಗಿನದು. ತಾತನ ಕಾಲದ ಕಾಗದದ ಮೇಲೆ ಮುಂಬಯಿ ಅಂತ ಕಂಡರೆ ಗಾಬರಿ ಬೇಡ.

ಹೆಜ್ಜೆ 4: ಮೂಲ ಪಠ್ಯ ಇಳಿಸಿಕೊಳ್ಳಿ, ದುಡ್ಡು ಕೊಡಬೇಕಿಲ್ಲ

ಕೇಂದ್ರದ ಕಾಯ್ದೆಗಳಿಗೆ ‘ಇಂಡಿಯಾ ಕೋಡ್’ ಅನ್ನುವ ಸರ್ಕಾರಿ ಜಾಲತಾಣ ಇದೆ. ಹಲವು ರಾಜ್ಯ ಕಾಯ್ದೆಗಳೂ ಅಲ್ಲಿವೆ. ಕರ್ನಾಟಕದ ಕಾಯ್ದೆಗಳಿಗೆ ಮಾತ್ರ ನಾನು ಮೊದಲು ಹೋಗುವುದು ನಮ್ಮ ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯ ತಾಣಕ್ಕೆ. ಕಾಯ್ದೆಗಳ ಪಟ್ಟಿ ಇದೆ, ಕನ್ನಡ ಪಠ್ಯಗಳೂ ಇವೆ. ಹೊಸ ಅಧಿಸೂಚನೆ, ತಿದ್ದುಪಡಿ ಬೇಕಾದರೆ ‘ಇ-ರಾಜ್ಯಪತ್ರ’. ಸರ್ಕಾರ ಹೊರಡಿಸಿದ್ದು ಅನ್ನುವುದಕ್ಕೆ ರಾಜ್ಯಪತ್ರವೇ ಸಾಕ್ಷಿ. ಸಂವಿಧಾನದ ಕನ್ನಡ ಪಠ್ಯ ಕೇಂದ್ರ ಶಾಸನ ರಚನಾ ಇಲಾಖೆಯ ತಾಣದಲ್ಲಿ ಪುಕ್ಕಟೆ ಸಿಗುತ್ತದೆ.

ನಮ್ಮ ಹಳ್ಳಿಯವರ ಕಾಯ್ದೆಯನ್ನೇ ಹುಡುಕೋಣ. ಪಿಟಿಸಿಎಲ್ ಅಂತ ಟೈಪಿಸಿದರೆ ಪತ್ರಿಕೆ ಸುದ್ದಿ ಬರುತ್ತದೆ, ಕಾಯ್ದೆ ಬರುವುದಿಲ್ಲ. ಅದರ ಪೂರ್ತಿ ಹೆಸರು ‘ಕರ್ನಾಟಕ ಅನುಸೂಚಿತ ಜಾತಿಗಳು ಮತ್ತು ಅನುಸೂಚಿತ ಪಂಗಡಗಳ (ಕೆಲವು ಜಮೀನುಗಳ ವರ್ಗಾವಣೆ ನಿಷೇಧ) ಅಧಿನಿಯಮ, 1978’ ಎಂಬ ಧಾಟಿಯಲ್ಲಿದೆ. ಇಲ್ಲೊಂದು ಸಣ್ಣ ಗುಂಡಿ. ಹೆಸರಿನಲ್ಲಿ 1978 ಇದ್ದರೂ ಇದು 1979ರ ಕರ್ನಾಟಕ ಅಧಿನಿಯಮ ಸಂಖ್ಯೆ 2. ಜಾರಿಗೆ ಬಂದದ್ದು 1979ರ ಜನವರಿ 1ರಂದು. ಸಂಖ್ಯೆ ಹಿಡಿದು 1978ರ ಪಟ್ಟಿಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಹೆಸರಿನ ವರ್ಷ, ಸಂಖ್ಯೆಯ ವರ್ಷ, ಜಾರಿಯ ದಿನ ಈ ಮೂರೂ ಬೇರೆ ಬೇರೆ ಇರಬಹುದು ಅಂತ ಯಾವಾಗಲೂ ನೆನಪಿಡಿ.

ಸಿಕ್ಕಿದ ಮೇಲೆ ಓದುವ ಕ್ರಮ. ಮೊದಲು 3ನೇ ಸೆಕ್ಷನ್, ಅಂದರೆ ಪದಗಳ ಅರ್ಥ. ‘ಮಂಜೂರಾದ ಜಮೀನು’ ಅಂದರೆ ಯಾವುದು ಅಂತ ಅಲ್ಲಿದೆ. ನಿಮ್ಮ ಜಮೀನು ಆ ಅರ್ಥದೊಳಗೆ ಬರದಿದ್ದರೆ ಮುಂದೆ ಓದಿ ಪ್ರಯೋಜನವಿಲ್ಲ. ಆಮೇಲೆ 4ನೇ ಸೆಕ್ಷನ್: ಮಂಜೂರಾತಿಯ ಷರತ್ತು ಮೀರಿ ಮಾಡಿದ ಪರಭಾರೆ, ಅಂದರೆ ಮಾರಾಟದಂಥ ವರ್ಗಾವಣೆ, ಅಸಿಂಧು. ಕಾಯ್ದೆ ಬಂದ ಮೇಲೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರುವ ಹಾಗೇ ಇಲ್ಲ. 5ನೇ ಸೆಕ್ಷನ್: ಅರ್ಜಿ ಹಾಕಬೇಕಾದ್ದು ಉಪವಿಭಾಗಾಧಿಕಾರಿಗೆ, ನಮ್ಮ ಬಾಯಲ್ಲಿ ಎ.ಸಿ. ಸಾಹೇಬರಿಗೆ. 5-ಎ: ಅಲ್ಲಿ ಸೋತರೆ ಡಿ.ಸಿ.ಗೆ ಮೇಲ್ಮನವಿ. ಇಡೀ ಕಾಯ್ದೆ ಕೆಲವೇ ಪುಟ. ನಮ್ಮ ಹಳ್ಳಿಯವರು ಕನ್ನಡಕ ಏರಿಸಿಕೊಂಡು ಬೆರಳಿಟ್ಟು ಓದಿದರು. ನಾಲ್ಕನೇ ಸೆಕ್ಷನ್ ಬಂದಾಗ ತಲೆ ಎತ್ತಿ ‘ಇದೆ ಸಾರ್’ ಅಂದರು. ಒಂದು ‘ಅಂತೆ’ ಹೋಯಿತು.

ಹೆಜ್ಜೆ 5: ‘ಇವತ್ತಿಗೂ ಇದೆಯಾ?’

ಈ ಹೆಜ್ಜೆಯನ್ನು ಬಿಟ್ಟರೆ ಮಿಕ್ಕಿದ್ದೆಲ್ಲ ನೀರಿನಲ್ಲಿ ಹೋಮ. ಹೇಳುವುದಕ್ಕೆ ನನಗೆ ಹಕ್ಕಿದೆ, ಏಕೆಂದರೆ ನಾನೇ ಎಡವಿದ್ದೇನೆ. ಒಮ್ಮೆ ಒಬ್ಬ ಹೆಣ್ಣುಮಗಳಿಗೆ ಕಪಾಟಿನಿಂದ ಒಂದು ಪುಸ್ತಕ ತೆಗೆದು, ಪುಟ ತೋರಿಸಿ, ಜೆರಾಕ್ಸ್ ಮಾಡಿಸಿ ಕಳಿಸಿದೆ. ಪುಸ್ತಕ ಅಚ್ಚುಕಟ್ಟಾಗಿತ್ತು, ರಟ್ಟು ಹೊಳೆಯುತ್ತಿತ್ತು. ಮುದ್ರಣದ ವರ್ಷ ಮಾತ್ರ ನಾನು ನೋಡಿರಲಿಲ್ಲ. ಆ ಸೆಕ್ಷನ್ ತಿದ್ದುಪಡಿಯಾಗಿ ಐದು ವರ್ಷ ಕಳೆದಿತ್ತು. ಆಕೆ ವಾರ ಬಿಟ್ಟು ವಾಪಸ್ ಬಂದು ಏನೂ ಬೈಯದೆ ಆ ಹಾಳೆ ಮೇಜಿನ ಮೇಲಿಟ್ಟರು. ಬೈದಿದ್ದರೇ ಚೆನ್ನಾಗಿತ್ತು. ಅಂದಿನಿಂದ ಯಾವ ಕಾನೂನು ಪುಸ್ತಕ ತೆಗೆದರೂ ಮೊದಲು ಪುಸ್ತಕದ ಹೆಸರಿರುವ ಹಾಳೆಯ ಹಿಂಬದಿಯಲ್ಲಿ ಮುದ್ರಣದ ವರ್ಷ ನೋಡುತ್ತೇನೆ.

ಈಗಂತೂ ಇದು ಇನ್ನೂ ಜಾಸ್ತಿ ಬೇಕು. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಕೊಲೆಗೆ 302 ಅಂತ ಸಿನಿಮಾ ನೋಡಿದ ಮಕ್ಕಳಿಗೂ ಗೊತ್ತು. ಹೊಸದರಲ್ಲಿ ಕೊಲೆಯ ಶಿಕ್ಷೆ 103ರಲ್ಲಿದೆ. ಹೊಸ 302 ಅಂದರೆ ಧಾರ್ಮಿಕ ಭಾವನೆಗೆ ನೋವಾಗಲಿ ಅಂತಲೇ ಮಾತಾಡುವುದು. ‘ಫೋರ್ ಟ್ವೆಂಟಿ’ ಈಗ 318ರ ಉಪಪ್ರಕರಣ 4. ಎಫ್‌ಐಆರ್ ದಾಖಲಿಸುವ ಸೆಕ್ಷನ್ ಮೊದಲು ದಂಡ ಪ್ರಕ್ರಿಯಾ ಸಂಹಿತೆಯ 154 ಆಗಿತ್ತು. ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173. ಹಾಗಂತ ಹಳೆ ಪುಸ್ತಕ ರದ್ದಿಗೆ ಹಾಕಬೇಡಿ. ಆ ದಿನಕ್ಕೂ ಮೊದಲು ನಡೆದ ಅಪರಾಧಕ್ಕೆ ಹಳೆಯ ದಂಡ ಸಂಹಿತೆಯೇ ಅನ್ವಯ. ಅದಕ್ಕೇ ಮೊದಲನೇ ಹೆಜ್ಜೆಯಲ್ಲಿ ತಾರೀಖು ಬರೆಯಿರಿ ಅಂದದ್ದು.

ತೀರ್ಪುಗಳಿಗೂ ಇದೇ ಮಾತು. ಚರಂಡಿ, ಮಲಗುಂಡಿಗೆ ಇಳಿದು ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. 2023ರ ಅಕ್ಟೋಬರ್ 20ರ ಇನ್ನೊಂದು ತೀರ್ಪಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಹಳೆಯ ಕೈಪಿಡಿ ಹಿಡಿದು ಅರ್ಜಿ ಬರೆದವರು 20 ಲಕ್ಷ ಕಡಿಮೆ ಕೇಳಿದಂತಾಯಿತು.

ಮತ್ತೆ ನಮ್ಮವರ ಜಮೀನಿಗೆ ಬನ್ನಿ. ಪಿಟಿಸಿಎಲ್ ಅರ್ಜಿಗೆ ಕಾಯ್ದೆಯಲ್ಲಿ ಕಾಲಮಿತಿಯೇ ಇರಲಿಲ್ಲ. 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಿತಿ ಬರೆದಿಲ್ಲದಿದ್ದರೂ ಸಮಂಜಸವಾದ ಕಾಲದೊಳಗೆ ಬರಬೇಕು ಎಂದಿತು. ಅದರಿಂದ ಎಷ್ಟೋ ಜನರ ಅರ್ಜಿ ಬಿದ್ದುಹೋಯಿತು. 2023ರಲ್ಲಿ ವಿಧಾನಮಂಡಲ 5ನೇ ಸೆಕ್ಷನ್ನಿಗೆ ತಿದ್ದುಪಡಿ ತಂದು, ಈ ಕಾಯ್ದೆಯನ್ನು ಬಳಸಲು ಕಾಲಮಿತಿ ಇಲ್ಲ ಅಂತ ಬರೆಯಿತು. ಮುಗಿಯಿತು ಅಂದುಕೊಂಡರೆ ಇಲ್ಲ. ಆಮೇಲೂ ಹೈಕೋರ್ಟ್, ಕಾಲಮಿತಿ ಬೇರೆ, ವಿಪರೀತ ವಿಳಂಬ ಬೇರೆ ಅನ್ನುವ ನಿಲುವು ತಳೆದಿದೆ. ನೋಡಿ, ಕಾಯ್ದೆ ಮಾತ್ರ ಓದಿದವರಿಗೆ ಒಂದು ಉತ್ತರ, 2017ರ ತೀರ್ಪು ಓದಿದವರಿಗೆ ಇನ್ನೊಂದು, ತಿದ್ದುಪಡಿವರೆಗೆ ಬಂದವರಿಗೆ ಮತ್ತೊಂದು. ಕೊನೆಯ ಮೆಟ್ಟಿಲವರೆಗೂ ಹೋದವರಿಗೆ ಮಾತ್ರ ತಮ್ಮ ಕೇಸು ಎಲ್ಲಿ ನಿಂತಿದೆ ಅಂತ ಗೊತ್ತಾಗುತ್ತದೆ.

‘ವಾಪಸ್ ಬರುತ್ತಂತೆ’ ಅನ್ನುವ ಎರಡನೇ ಅಂತೆ ಹೀಗೆ ‘ಬರಬಹುದು, ಬರದೆಯೂ ಇರಬಹುದು’ ಅಂತಾಯಿತು. ಅವರ ಮುಖ ಸ್ವಲ್ಪ ಬಾಡಿತು. ಆದರೂ ಬ್ರೋಕರಿಗೆ ದುಡ್ಡು ಕೊಟ್ಟು ತಿಳಿಯುವುದಕ್ಕಿಂತ ಇಲ್ಲಿ ತಿಳಿದದ್ದು ವಾಸಿ, ಅಲ್ವಾ?

ಹೆಜ್ಜೆ 6: ತೀರ್ಪು ಹುಡುಕುವುದು ಮತ್ತು ಓದುವುದು

‘ಎಐಆರ್ 1984 ಎಸ್‌ಸಿ 1151’. ಇಂಥ ಸಾಲು ಕಂಡರೆ ಭಯ ಬೇಡ, ಇದು ಬರೀ ವಿಳಾಸ. ಎಐಆರ್ ಅನ್ನುವುದು ತೀರ್ಪು ಅಚ್ಚು ಹಾಕುವ ಮಾಲಿಕೆ, 1984 ಸಂಪುಟದ ವರ್ಷ, ಎಸ್‌ಸಿ ಅಂದರೆ ಸುಪ್ರೀಂ ಕೋರ್ಟ್ ಭಾಗ, 1151 ಪುಟ. ಅಲ್ಲಿ ಸಿಗುವುದು ಮಂಚೇಗೌಡ ಪ್ರಕರಣ, ಪಿಟಿಸಿಎಲ್ ಕಾಯ್ದೆ ಸಂವಿಧಾನಕ್ಕೆ ವಿರುದ್ಧವಲ್ಲ ಅಂತ ಹೇಳಿದ ತೀರ್ಪು. ಅದೇ ತೀರ್ಪು ಎಸ್‌ಸಿಸಿ ಅನ್ನುವ ಇನ್ನೊಂದು ಮಾಲಿಕೆಯಲ್ಲಿ ‘(1984) 3 ಎಸ್‌ಸಿಸಿ 301’. ಅಲ್ಲಿ 3 ಅಂದರೆ ಆ ವರ್ಷದ ಮೂರನೇ ಸಂಪುಟ. ಒಂದೇ ಮನೆಗೆ ಎರಡು ವಿಳಾಸ. 2023ರಿಂದ ಕೋರ್ಟೇ ಒಂದು ಸಂಖ್ಯೆ ಕೊಡುತ್ತಿದೆ. ಸುಪ್ರೀಂ ಕೋರ್ಟಿನದಾದರೆ ವರ್ಷ, ಆಮೇಲೆ ‘ಐಎನ್‌ಎಸ್‌ಸಿ’, ಆಮೇಲೆ ಸಂಖ್ಯೆ. ನಮ್ಮ ಹೈಕೋರ್ಟಿನದಾದರೆ ‘ಕೆಎಚ್‌ಸಿ’. ಧಾರವಾಡ ಪೀಠಕ್ಕೆ ಅದರ ಮುಂದೆ ‘ಡಿ’, ಕಲಬುರಗಿ ಪೀಠಕ್ಕೆ ‘ಕೆ’.

ಈ ದಪ್ಪ ಸಂಪುಟಗಳನ್ನು ಹುಡುಕಿಕೊಂಡು ಹೋಗುವ ಕಷ್ಟ ಈಗ ಕಡಿಮೆ. ಸುಪ್ರೀಂ ಕೋರ್ಟ್ 2024ರ ಜನವರಿಯಲ್ಲಿ ‘ಡಿಜಿ ಎಸ್‌ಸಿಆರ್’ ತೆರೆಯಿತು. ತೆರೆದಾಗಲೇ ಅದರಲ್ಲಿ 1950ರಿಂದ ಈಚೆಗಿನ 519 ಸಂಪುಟಗಳು, 36,308 ಪ್ರಕರಣಗಳು ಇದ್ದವು, ಎಲ್ಲ ಪುಕ್ಕಟೆ. ಕೆಲವು ತೀರ್ಪುಗಳ ಕನ್ನಡ ಅನುವಾದವೂ ಕೋರ್ಟಿನ ತಾಣದಲ್ಲಿದೆ, ಓದಿ ಅರ್ಥ ಮಾಡಿಕೊಳ್ಳಲು ಮಾತ್ರ. ಹೈಕೋರ್ಟ್ ತೀರ್ಪುಗಳು ಅದರ ತಾಣದಲ್ಲೇ ಸಿಗುತ್ತವೆ. ಪದ ಹಾಕಿ ಹುಡುಕಲು ‘ಇಂಡಿಯನ್ ಕಾನೂನ್’ ಅನ್ನುವ ಖಾಸಗಿ ತಾಣ ಬಹಳ ಅನುಕೂಲ. ನಾನು ಅಲ್ಲಿ ಹುಡುಕಿ, ಕೋರ್ಟಿನ ತಾಣದಲ್ಲಿ ಖಚಿತ ಮಾಡಿಕೊಳ್ಳುತ್ತೇನೆ. ಕೆಳಗಿನ ಕೋರ್ಟಿನಲ್ಲಿರುವ ನಿಮ್ಮದೇ ಕೇಸಾದರೆ ಇ-ಕೋರ್ಟ್ಸ್ ತಾಣದಲ್ಲಿ 16 ಅಕ್ಷರ–ಅಂಕಿಗಳ ಸಿಎನ್‌ಆರ್ ಸಂಖ್ಯೆ ಹಾಕಿ. ಮುಂದಿನ ದಿನಾಂಕ, ಆದೇಶ ಎಲ್ಲ ಬರುತ್ತದೆ.

ಓದುವಾಗ ಒಂದು ಮೋಸ ಇದೆ. ತೀರ್ಪಿನಲ್ಲಿ ಮೊದಲ ಹತ್ತಿಪ್ಪತ್ತು ಪ್ಯಾರಾ ಎರಡೂ ಕಡೆಯ ವಕೀಲರ ವಾದ ಇರುತ್ತದೆ. ಅದರಲ್ಲಿ ನಿಮಗೆ ಅನುಕೂಲವಾದ ಒಂದು ವಾಕ್ಯ ಸಿಗುತ್ತದೆ, ‘ಕೋರ್ಟೇ ಹೇಳಿದೆ’ ಅಂತ ಗೆರೆ ಎಳೆದುಕೊಂಡು ಬರುತ್ತೀರಿ. ಅದು ಕೋರ್ಟ್ ಹೇಳಿದ್ದಲ್ಲ, ಸೋತ ವಕೀಲರು ಹೇಳಿದ್ದು. ಆದ್ದರಿಂದ ನಾನು ತೀರ್ಪನ್ನು ಬಾಲದಿಂದ ಓದುತ್ತೇನೆ. ಕೊನೆಯ ಪ್ಯಾರಾದಲ್ಲಿ ಅರ್ಜಿ ಮಂಜೂರೋ ವಜಾವೋ ನೋಡಿ. ಆಮೇಲೆ ಹಿಂದಕ್ಕೆ ಬಂದು ‘ಯಾಕೆ’ ಅನ್ನುವುದನ್ನು ಹುಡುಕಿ. ಮೇಲೆ ಸಾರಾಂಶದ ಟಿಪ್ಪಣಿ ಇದ್ದರೆ ದಾರಿ ತೋರಿಸಲು ಸಾಕು, ಅದನ್ನೇ ಎತ್ತಿ ಅರ್ಜಿಯಲ್ಲಿ ಬರೆಯಬೇಡಿ.

ಎಷ್ಟು ಜನ ನ್ಯಾಯಮೂರ್ತಿಗಳು ಅನ್ನುವುದನ್ನೂ ನೋಡಿ. ದೊಡ್ಡ ಪೀಠದ ಮಾತು ಸಣ್ಣ ಪೀಠದ ಮಾತಿಗಿಂತ ಮೇಲು. 1976ರ ತುರ್ತುಪರಿಸ್ಥಿತಿಯಲ್ಲಿ ಎಡಿಎಂ ಜಬಲ್ಪುರ ಪ್ರಕರಣ ಬಂತು. ಬಂಧನದಲ್ಲಿರುವವರು ಕೋರ್ಟಿಗೆ ಬಂದು ಬಿಡುಗಡೆ ಕೇಳುವ ಹಾಗಿಲ್ಲ ಅಂತ ಐವರಲ್ಲಿ ನಾಲ್ವರು ಹೇಳಿದರು. ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಆ ತೀರ್ಪನ್ನು 2017ರ ಆಗಸ್ಟ್ 24ರಂದು ಒಂಬತ್ತು ಜನರ ಪೀಠ ಹೆಸರು ಹೇಳಿ ತಳ್ಳಿಹಾಕಿತು. ಅದು ಖಾಸಗಿತನದ ಹಕ್ಕಿನ ತೀರ್ಪು. ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎರಡನ್ನೂ ಒಂದೇ ಸಂಜೆ ಅಕ್ಕಪಕ್ಕ ಇಟ್ಟುಕೊಂಡು ಓದಿ. ಒಂಟಿ ಭಿನ್ನಮತವನ್ನು ಯಾಕೆ ಅಚ್ಚು ಹಾಕಿ ಇಡುತ್ತಾರೆ ಅನ್ನುವುದು ಆಗ ಗೊತ್ತಾಗುತ್ತದೆ.

ಹೆಜ್ಜೆ 7: ಮಾನವ ಹಕ್ಕಿನ ಕಾಗದಗಳು

ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆ, 1948ರ ಡಿಸೆಂಬರ್ 10, 30 ಅನುಚ್ಛೇದ. ಇದರ ಕನ್ನಡ ಅನುವಾದ ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿಯ ತಾಣದಲ್ಲಿದೆ. ಇಂಗ್ಲಿಷ್ ಕರಡಿನ ಮೊದಲ ಅನುಚ್ಛೇದದಲ್ಲಿ ‘ಎಲ್ಲ ಪುರುಷರು’ ಅಂತ ಅರ್ಥ ಬರುವ ಹಾಗಿದ್ದ ಪದವನ್ನು ‘ಎಲ್ಲ ಮಾನವರು’ ಅಂತ ಬದಲಿಸಬೇಕು ಅಂತ ಹಟ ಹಿಡಿದವರು ಭಾರತದ ಪ್ರತಿನಿಧಿ ಹಂಸಾ ಮೆಹ್ತಾ. ಆ ಒಂದು ಪದಕ್ಕಾಗಿಯಾದರೂ ಓದಬಹುದು.

ನಮ್ಮ ಕೋರ್ಟಿನಲ್ಲಿ ಮಾತ್ರ ನೇರವಾಗಿ ನಿಲ್ಲುವುದು ಸಂವಿಧಾನದ ಮೂಲಭೂತ ಹಕ್ಕುಗಳು. ಅವು ಹೇಗೆ ಬಂದವು ಅಂತ ತಿಳಿಯಲು ಸಂವಿಧಾನ ರಚನಾ ಸಭೆಯ ಚರ್ಚೆಗಳನ್ನು ಬಿಟ್ಟರೆ ಬೇರೆ ಗ್ರಂಥವಿಲ್ಲ. ಬೆಂಗಳೂರಿನ ಒಂದು ಕಾನೂನು ಸಂಶೋಧನಾ ಸಂಸ್ಥೆ ಅದನ್ನೆಲ್ಲ ಹುಡುಕಲು ಬರುವ ಹಾಗೆ ಜಾಲತಾಣದಲ್ಲಿ ಇಟ್ಟಿದೆ. 1948ರ ಡಿಸೆಂಬರ್ 9ರ ದಿನ ತೆಗೆಯಿರಿ. ಮೂಲಭೂತ ಹಕ್ಕಿಗೆ ಧಕ್ಕೆಯಾದರೆ ನೇರ ಸುಪ್ರೀಂ ಕೋರ್ಟಿಗೆ ಹೋಗಬಹುದು ಅನ್ನುವ ಈಗಿನ 32ನೇ ಅನುಚ್ಛೇದವನ್ನು ಅಂಬೇಡ್ಕರ್ ಸಂವಿಧಾನದ ಹೃದಯ, ಆತ್ಮ ಅಂತ ಕರೆದದ್ದು ಅಂದೇ.

ಆಯೋಗಗಳ ವರದಿ ಹುಡುಕುವುದು ಇನ್ನೊಂದು ಕಸರತ್ತು. ‘ಸದಾಶಿವ ವರದಿ ಬೇಕು’ ಅಂತ ಕೇಳಿ ಬರುತ್ತಾರೆ. ನಾನು ‘ಯಾವುದು?’ ಅಂತ ಕೇಳುತ್ತೇನೆ, ಅವರು ಬೆರಗಾಗುತ್ತಾರೆ. ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಒಳಮೀಸಲಾತಿ ವರದಿ ಎಲ್ಲರಿಗೂ ಗೊತ್ತು. ವೀರಪ್ಪನ್ ಬೇಟೆಯ ಕಾಲದಲ್ಲಿ ಮಲೆ ಮಹದೇಶ್ವರ ಬೆಟ್ಟದ ಸುತ್ತಿನ ಜನರ ಮೇಲೆ ವಿಶೇಷ ಕಾರ್ಯಪಡೆ ನಡೆಸಿದ ದೌರ್ಜನ್ಯದ ಬಗ್ಗೆ ರಾಷ್ಟ್ರೀಯ ಮಾನವ ಹಕ್ಕು ಆಯೋಗ ಒಂದು ಸಮಿತಿ ಮಾಡಿತ್ತು. ಅದರ ಮುಖ್ಯಸ್ಥರೂ ಅವರೇ. ಆಯೋಗ ಆಮೇಲೆ 89 ಸಂತ್ರಸ್ತರಿಗೆ ಪರಿಹಾರ ಕೊಡಲು ಹೇಳಿತು. ವರದಿಯನ್ನು ಅಧ್ಯಕ್ಷರ ಹೆಸರಿನಿಂದ ಮಾತ್ರ ಹುಡುಕಬೇಡಿ. ನೇಮಿಸಿದ್ದು ಯಾರು, ವಿಷಯ ಏನು, ಯಾವ ವರ್ಷ ಅನ್ನುವುದನ್ನೂ ಸೇರಿಸಿ.

ದೂರು ಕೊಡುವ ಯೋಚನೆ ಇದ್ದರೆ 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 36ನೇ ಸೆಕ್ಷನ್ ಮೊದಲು ಓದಿ. ಘಟನೆ ನಡೆದು ಒಂದು ವರ್ಷ ಕಳೆದ ಮೇಲೆ ಆಯೋಗ ವಿಚಾರಣೆಗೆ ತೆಗೆದುಕೊಳ್ಳುವ ಹಾಗಿಲ್ಲ. ದೂರಿಗೆ ಶುಲ್ಕವಿಲ್ಲ, ಕನ್ನಡದಲ್ಲೇ ಬರೆಯಬಹುದು.

ಹೆಜ್ಜೆ 8: ಯಾವ ಗ್ರಂಥಾಲಯದಲ್ಲೂ ಇಲ್ಲದ ಪುಸ್ತಕ

ನಿಮ್ಮ ಕಡತ ಕಚೇರಿಯ ಬೀರುವಿನಲ್ಲಿದೆ. ಅದನ್ನು ತೆಗೆಸುವ ಚೀಟಿ 2005ರ ಮಾಹಿತಿ ಹಕ್ಕು ಕಾಯ್ದೆ. ಅರ್ಜಿಗೆ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. 30 ದಿನದಲ್ಲಿ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಬರೆಯಬೇಕು. ಆದ್ದರಿಂದ ‘ನನಗೆ ಅನ್ಯಾಯ ಆಗಿದೆ, ಯಾಕೆ’ ಅಂತ ಕೇಳಬೇಡಿ. ‘ಇಂಥ ಸರ್ವೆ ನಂಬರಿನ ಮಂಜೂರಾತಿ ಆದೇಶ ಮತ್ತು ಷರತ್ತುಗಳ ನಕಲು ಕೊಡಿ’ ಅಂತ ಕೇಳಿ. ಕಾಗದ ಕೇಳಿದರೆ ಕಾಗದ ಬರುತ್ತದೆ. ಕಾರಣ ಕೇಳಿದರೆ ಸುಮ್ನೆ ಹಿಂಬರಹ ಬರುತ್ತದೆ.

ನಮ್ಮವರಿಗೆ ಬೇಕಾದದ್ದೂ ಅದೇ. ಸಾಗುವಳಿ ಚೀಟಿ ಇದ್ದರೂ ಎಷ್ಟು ವರ್ಷ ಮಾರಬಾರದು ಅಂತ ಷರತ್ತಿತ್ತು ಅನ್ನುವುದು ಸವೆದು ಹೋಗಿ ಓದಲು ಬರುತ್ತಿರಲಿಲ್ಲ. ನಾಲ್ಕನೇ ಸೆಕ್ಷನ್ ನಿಂತಿರುವುದೇ ಆ ಷರತ್ತಿನ ಮೇಲೆ.

ಹೆಜ್ಜೆ 9: ಹಾಳೆ ಮಡಚಿಕೊಂಡು ಕೋರ್ಟ್ ಆವರಣಕ್ಕೆ

ಇಷ್ಟು ಹುಡುಕಿದ್ದನ್ನು ಒಂದೇ ಹಾಳೆಗೆ ಇಳಿಸಿ. ಎಡಗಡೆ ತಾರೀಖುಗಳು. ಬಲಗಡೆ ಕಾಯ್ದೆಯ ಹೆಸರು, ಸೆಕ್ಷನ್, ತೀರ್ಪಿನ ವಿಳಾಸ. ಕೆಳಗೆ ‘ಯಾವ ತಾಣದಿಂದ, ಯಾವ ದಿನ ತೆಗೆದದ್ದು’. ಆಮೇಲೆ ತಾಲ್ಲೂಕು ಕೋರ್ಟಿನಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ನಿನಲ್ಲಿ ಯಾರಿಗೆ ಉಚಿತ ವಕೀಲರು ಅಂತ ಪಟ್ಟಿ ಇದೆ. ಪರಿಶಿಷ್ಟ ಜಾತಿ, ಪಂಗಡದವರು, ಮಹಿಳೆಯರು, ಮಕ್ಕಳು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು. ಇವರಿಗೆ ಆದಾಯದ ಮಿತಿ ಕೇಳುವ ಹಾಗಿಲ್ಲ. ಉಳಿದವರಿಗೆ ಮಾತ್ರ ಆದಾಯ ನೋಡುತ್ತಾರೆ. ದಾರಿ ತಿಳಿಯದಿದ್ದರೆ 15100ಕ್ಕೆ ಫೋನು ಮಾಡಿ.

ನಮ್ಮ ಹಳ್ಳಿಯವರು ಹಾಳೆಯನ್ನು ನಾಲ್ಕಾಗಿ ಮಡಚಿ ಪ್ಲಾಸ್ಟಿಕ್ ಕವರಿನಲ್ಲಿ ಸಾಗುವಳಿ ಚೀಟಿಯ ಮೇಲಿಟ್ಟರು. ಬಾಗಿಲವರೆಗೆ ಹೋಗಿ ತಿರುಗಿ ಬಂದು, ‘ಸಾರ್, ನಮ್ಮೂರಲ್ಲಿ ಇನ್ನೂ ನಾಲ್ಕು ಮನೆಯವರದ್ದು ಇದೇ ಕಥೆ. ಆ ನಾಲ್ಕನೇ ಸೆಕ್ಷನ್ ಇರೋ ಪುಟ ನಾಲ್ಕು ಜೆರಾಕ್ಸ್ ಸಿಗುತ್ತಾ?’ ಅಂದರು. ಪುಟಕ್ಕೆ ಎರಡು ರೂಪಾಯಿ, ಎಂಟು ರೂಪಾಯಿ ಚಿಲ್ಲರೆ ಎಣಿಸಿ ಕೊಟ್ಟರು.